ಚಿನ್ನದ ಊರಿಗೆ ಬಂದ ಎರಡು ಪದಕ

ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕರ್ನಾಟಕದವರು ಯಾರು ಎಂದು ಕೇಳಿದರೆ ಹೆಚ್ಚಿನವರ ಬಾಯಿಗೆ ಮೊದಲು ಬರುವ ಹೆಸರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರದು. ಸ್ವಲ್ಪ ನೆನಪು ಕೆದಕಿದರೆ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ, ಮೈಸೂರಿನ ಆರ್.ಕೆ. ಲಕ್ಷ್ಮಣ್, ಸೋಲಾರ್ ದೀಪಗಳ ಸೆಲ್ಕೊ ಕಟ್ಟಿದ ಹರೀಶ್ ಹಂದೆ ಅವರ ಹೆಸರುಗಳೂ ಹೊರಬರುತ್ತವೆ. ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ. ಆದರೆ ಆ ಒಂದು ಊರಲ್ಲಿ ಹುಟ್ಟಿದ ಇಬ್ಬರಿಗೆ ಈ ಪ್ರಶಸ್ತಿ ಬಂದಿದೆ. 2000ದಲ್ಲಿ ಜಾಕಿನ್ ಅರ್ಪುತಂ, 2016ರಲ್ಲಿ ಬೆಜವಾಡ ವಿಲ್ಸನ್. ಇಬ್ಬರೂ ಚಿನ್ನದ ಗಣಿಯ ಕೆಲಸದಿಂದ ಹೆಸರು ಮಾಡಿದವರಲ್ಲ. ಒಬ್ಬರು ಮುಂಬೈಯ ಕೊಳೆಗೇರಿಯವರ ಸೂರಿಗಾಗಿ ಹೋರಾಡಿದರು. ಇನ್ನೊಬ್ಬರು ತಮ್ಮ ಮನೆಯವರೇ ಮಾಡುತ್ತಿದ್ದ ಮಲ ಬಳಿಯುವ ಕೆಲಸವನ್ನು ದೇಶದಿಂದಲೇ ತೊಲಗಿಸಲು ಹೊರಟರು.

ಪ್ರಶಸ್ತಿಯ ಹಿನ್ನೆಲೆ ಹೀಗಿದೆ. ರಾಮನ್ ಮ್ಯಾಗ್ಸೆಸೆ ಫಿಲಿಪ್ಪೀನ್ಸಿನ ಅಧ್ಯಕ್ಷರಾಗಿದ್ದವರು. ಒಂದು ಕಾಲಕ್ಕೆ ಮೆಕ್ಯಾನಿಕ್ ಆಗಿದ್ದು, ಎರಡನೇ ಮಹಾಯುದ್ಧದಲ್ಲಿ ಜಪಾನೀ ಸೇನೆಯ ವಿರುದ್ಧ ಗೆರಿಲ್ಲಾ ಯುದ್ಧ ಮಾಡಿದವರು. ಅಧ್ಯಕ್ಷರಾದ ಮೇಲೆ ಮನಿಲಾದ ಅರಮನೆಯ ಬಾಗಿಲನ್ನು ಜನಸಾಮಾನ್ಯರಿಗೆ ತೆರೆದಿಟ್ಟರು. 1957ರ ಮಾರ್ಚ್ 17ರಂದು ಸೆಬು ದ್ವೀಪದ ಬೆಟ್ಟವೊಂದಕ್ಕೆ ಅವರ ವಿಮಾನ ಅಪ್ಪಳಿಸಿತು. ಅದರಲ್ಲಿದ್ದವರ ಪೈಕಿ ಬದುಕುಳಿದದ್ದು ಒಬ್ಬ ಪತ್ರಕರ್ತ ಮಾತ್ರ. ಅದೇ ವರ್ಷ ಅಮೆರಿಕದ ರಾಕ್‌ಫೆಲರ್ ಸಹೋದರರ ನಿಧಿ ಕೊಟ್ಟ ಹಣದಿಂದ ಪ್ರಶಸ್ತಿ ಸ್ಥಾಪನೆಯಾಯಿತು. 1958ರಲ್ಲಿ ಮೊದಲ ಸಲ ಕೊಟ್ಟಾಗಲೇ ನಮ್ಮ ವಿನೋಬಾ ಭಾವೆ ಅದನ್ನು ಪಡೆದವರ ಸಾಲಿನಲ್ಲಿದ್ದರು. ಮುಂದೆ ಮದರ್ ತೆರೇಸಾ, ವರ್ಗೀಸ್ ಕುರಿಯನ್, ಸತ್ಯಜಿತ್ ರಾಯ್, ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆಲ್ಲ ಬಂತು. 2025ರಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಸೇರಿಸುವ ‘ಎಜುಕೇಟ್ ಗರ್ಲ್ಸ್’ಗೆ ಬಂದಾಗ, ಅದು ಈ ಪ್ರಶಸ್ತಿ ಪಡೆದ ಮೊದಲ ಭಾರತೀಯ ಸಂಸ್ಥೆಯಾಯಿತು. ಏಷ್ಯಾದ ನೊಬೆಲ್ ಎಂದು ಪತ್ರಿಕೆಗಳು ಕರೆಯುವುದು ಇದನ್ನೇ.

ಈಗ ಕೆಜಿಎಫ್‌ಗೆ ಬರೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸಕ್ಕೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲೇ ಇಲ್ಲಿ ದೀಪ ಹೊತ್ತಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಜಗತ್ತಿನ ಅತಿ ಆಳದ ಗಣಿಗಳ ಪಟ್ಟಿಗೆ ಸೇರಿತು. ಇಂಗ್ಲಿಷ್ ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಇದ್ದವು. ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ಕಾರ್ಮಿಕರಿಗೆ, ಅವರಲ್ಲಿ ಬಹುಪಾಲು ದಲಿತರಿಗೆ, ಸಾಲು ಸಾಲು ಲೈನ್ ಮನೆಗಳಿದ್ದವು. ಆ ಮನೆಗಳಿಗೆ ಕಕ್ಕಸು ಇರಲಿಲ್ಲ. ಲೈನಿನ ಆಚೆ ಎಲ್ಲರಿಗೂ ಸೇರಿ ನೀರಿಲ್ಲದ ಒಣ ಕಕ್ಕಸುಗಳನ್ನು ಕಟ್ಟಿದ್ದರು. ದಿನವೂ ತುಂಬುವ ಅವುಗಳನ್ನು ದಿನವೂ ಯಾರಾದರೂ ಬಳಿದು ಸಾಗಿಸಬೇಕಿತ್ತು. ಅದಕ್ಕೆಂದು ತೆಲುಗು ಮಾತಾಡುವ ದಲಿತ ಕುಟುಂಬಗಳಿದ್ದವು. ವಿಲ್ಸನ್ 1966ರಲ್ಲಿ ಹುಟ್ಟಿದ್ದು ಅಂಥದೊಂದು ಮನೆಯಲ್ಲಿ. ತಂದೆ, ಅಣ್ಣ ಇಬ್ಬರೂ ಇದೇ ಕೆಲಸ ಮಾಡಿದವರು.

ತಾವು ಏನು ಕೆಲಸ ಮಾಡುತ್ತೇವೆಂದು ಮಗನಿಗೆ ತಿಳಿಯದಂತೆ ನೋಡಿಕೊಳ್ಳಲು ತಂದೆತಾಯಿ ಬಹಳ ಪ್ರಯತ್ನಪಟ್ಟರಂತೆ. ಓದಲು ಗಡಿಯಾಚೆಯ ಕುಪ್ಪಂನ ಹಾಸ್ಟೆಲಿಗೆ ಕಳಿಸಿದರು. ಆದರೆ ಶಾಲೆಯ ಇತರ ಹುಡುಗರಿಗೆ ಎಲ್ಲ ಗೊತ್ತಿತ್ತು. ಅವರು ಕರೆಯುತ್ತಿದ್ದ ಅಡ್ಡಹೆಸರುಗಳಿಂದಲೇ ವಿಲ್ಸನ್‌ಗೆ ತಮ್ಮ ಮನೆಯ ಕಸುಬು ಅರ್ಥವಾಗತೊಡಗಿತು. ಓದು ಮುಗಿಸಿ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋದಾಗ, ಯಾವ ಕೆಲಸ ಬೇಕೆಂದು ಕೇಳುವ ಗೋಜಿಗೂ ಹೋಗದೆ ಅರ್ಜಿಯಲ್ಲಿ ಅದೇ ಕೆಲಸವನ್ನು ಬರೆದುಬಿಟ್ಟಿದ್ದರು. ಜಾತಿ ನೋಡಿದ್ದೇ ಸಾಕಾಗಿತ್ತು.

ಬದುಕಿನ ದಿಕ್ಕು ಬದಲಾದದ್ದು ಊರಿನ ಕಾಲೊನಿಯಲ್ಲಿ. ಕೆಲಸಗಾರರ ಕೇರಿಯಲ್ಲಿ ಓದು-ಬರಹ ಕಲಿಸಲು ಹೊರಟ ವಿಲ್ಸನ್‌ಗೆ ಅವರ ಕುಡಿತ ದೊಡ್ಡ ಸಮಸ್ಯೆಯಾಗಿ ಕಂಡಿತು. ಕುಡಿಯಬೇಡಿ ಎಂದು ಬುದ್ಧಿ ಹೇಳಲು ಹೋದರು. ಕುಡಿಯದೆ ಈ ಕೆಲಸ ಮಾಡಲಾಗುವುದಿಲ್ಲ ಎಂಬ ಉತ್ತರ ಬಂತು. ಹಾಗಾದರೆ ಕೆಲಸವನ್ನೇ ನೋಡುತ್ತೇನೆಂದು ಹಟ ಹಿಡಿದು ಜೊತೆಗೆ ಹೋದರು. ಒಣ ಕಕ್ಕಸಿನ ಗುಂಡಿಯಿಂದ ಬಕೆಟ್ಟಿನಲ್ಲಿ ಮಲ ಮೊಗೆದು ಗಾಡಿಗೆ ಸುರಿಯುತ್ತಿದ್ದಾಗ ಒಬ್ಬನ ಬಕೆಟ್ಟು ಕೈಜಾರಿ ಒಳಗೆ ಬಿತ್ತು. ಆತ ತೋಳು ಮಡಿಸಿದ, ಗುಂಡಿಗೆ ಕೈಹಾಕಿದ, ಬಕೆಟ್ಟು ತೆಗೆದ, ಮತ್ತೆ ಮೊಗೆಯತೊಡಗಿದ. ಬೇಡ ಎಂದು ವಿಲ್ಸನ್ ಕೂಗಿಕೊಂಡರೂ ಆತನಿಗೆ ಅದು ದಿನನಿತ್ಯದ ಕೆಲಸದ ಒಂದು ಭಾಗ ಅಷ್ಟೆ. ಆ ದಿನ ತಾನು ಎಷ್ಟು ಹೊತ್ತು ಅತ್ತೆನೋ ತಿಳಿಯದು ಎಂದು ವಿಲ್ಸನ್ ಆಮೇಲೆ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ.

1986ರ ಹೊತ್ತಿಗೆ ಅವರು ಪತ್ರ ಬರೆಯಲು ಶುರುಮಾಡಿದರು. ಗಣಿಯ ಅಧಿಕಾರಿಗಳಿಗೆ, ಮಂತ್ರಿಗಳಿಗೆ, ಮುಖ್ಯಮಂತ್ರಿಗೆ, ಪ್ರಧಾನಿಗೆ ಬರೆದರು. ಉತ್ತರವಿಲ್ಲ. ಕಕ್ಕಸುಗಳ ಫೋಟೊ ತೆಗೆದು ಪತ್ರಿಕೆಗಳಿಗೆ ಕಳಿಸಿದರು. ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ 1970ರ ದಶಕದಲ್ಲೇ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದ್ದರು. ಆ ವಿಷಯದಲ್ಲಿ ದೇಶಕ್ಕೇ ನಾವು ಮೊದಲಿಗರು ಎಂದು ಹೆಮ್ಮೆಪಡುತ್ತೇವೆ. ಆದರೆ ಕೆಜಿಎಫ್ ಗಣಿ ಆ ಹೊತ್ತಿಗೆ ಕೇಂದ್ರ ಸರ್ಕಾರದ ಕಂಪನಿಯದು, ಅದರ ಕಾಲೊನಿಯ ಕಕ್ಕಸುಗಳು ಹಾಗೇ ಇದ್ದವು. 1902ರಲ್ಲೇ ವಿದ್ಯುತ್ ಕಂಡ ಊರಿನ ಕಕ್ಕಸಿಗೆ ನೀರು ಹರಿಯಲು ಮತ್ತೆ ತೊಂಬತ್ತು ವರ್ಷ ಬೇಕಾಯಿತು. 1993ರಲ್ಲಿ ಒಣ ಕಕ್ಕಸು ನಿಷೇಧದ ಕೇಂದ್ರ ಕಾನೂನು ಬಂತು. ಕಾನೂನು ಕ್ರಮದ ಎಚ್ಚರಿಕೆ, ಪತ್ರಿಕೆಯ ವರದಿ ಎಲ್ಲ ಕೂಡಿ ಕೊನೆಗೆ ಗಣಿಯ ಆಡಳಿತ ಅವನ್ನು ನೀರಿನ ಕಕ್ಕಸುಗಳಾಗಿ ಬದಲಿಸಿತು. ಅಲ್ಲಿನ ಕೆಲಸಗಾರರನ್ನು ಬೇರೆ ಕೆಲಸಕ್ಕೆ ಹಾಕಲಾಯಿತು.

ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಅವರ ಜೊತೆಗೂಡಿ ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ ಕಥೆ ಇಲ್ಲಿಂದ ಮುಂದಿನದು. ಆಂಧ್ರದಲ್ಲಿ ಕಾರ್ಯಕರ್ತರು ಹಾರೆ, ಸುತ್ತಿಗೆ ಹಿಡಿದು ಒಣ ಕಕ್ಕಸುಗಳನ್ನು ತಾವೇ ಕೆಡವಿದರು. ಹೆಂಗಸರು ಮಲ ಹೊರುವ ಬುಟ್ಟಿಗಳನ್ನು ಸುಟ್ಟರು. 2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮಲ್ಲಿ ಮಲ ಹೊರುವವರೇ ಇಲ್ಲ ಎಂದು ರಾಜ್ಯಗಳು ಪ್ರಮಾಣಪತ್ರ ಸಲ್ಲಿಸಿದವು. ಆಂದೋಲನದವರು ಊರೂರು ಅಲೆದು, ಕೆಲಸ ಮಾಡುವವರ ಹೆಸರು, ಜಾಗ, ಫೋಟೊ ಸಹಿತ ಪುರಾವೆ ತಂದು ನ್ಯಾಯಾಲಯದ ಮುಂದಿಟ್ಟರು. ಸರ್ಕಾರಗಳು ಎಣಿಸಲೊಲ್ಲದ ಜನರನ್ನು ಅವರ ಮಕ್ಕಳೇ ಎಣಿಸಿ ಕೊಟ್ಟರು ಎನ್ನಬೇಕು. 2014ರ ಮಾರ್ಚ್ 27ರಂದು ತೀರ್ಪು ಬಂತು. 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೋರ್ಟು ಹೇಳಿತು. ಅಂಬೇಡ್ಕರರ 125ನೇ ಜಯಂತಿಯ ಹೊತ್ತಿಗೆ ಆಂದೋಲನದ ಭೀಮ ಯಾತ್ರೆ 125 ದಿನ ದೇಶ ಸುತ್ತಿ ದಿಲ್ಲಿ ತಲುಪಿತು. ಪ್ರಶಸ್ತಿ ಬಂದದ್ದು ಅದೇ ವರ್ಷ, 2016ರಲ್ಲಿ. ಅದೇ ಸಲ ಮ್ಯಾಗ್ಸೆಸೆ ಪಡೆದ ಇನ್ನೊಬ್ಬ ಭಾರತೀಯ ಗಾಯಕ ಟಿ.ಎಂ. ಕೃಷ್ಣ.

ಜಾಕಿನ್ ಅವರ ಕಥೆಗೂ ಇಷ್ಟೇ ಜಾಗ ಸಲ್ಲಬೇಕಿತ್ತು. 1960ರ ದಶಕದಲ್ಲಿ ಕೆಲಸ ಹುಡುಕಿಕೊಂಡು ಮುಂಬೈಗೆ ಹೋದ ಈ ತಮಿಳು ಹುಡುಗ ಬಡಗಿ ಕೆಲಸ ಮಾಡುತ್ತ ಮಾನ್‌ಖುರ್ದಿನ ಜನತಾ ಕಾಲೊನಿಯಲ್ಲಿ ನೆಲೆಯಾದರು. ಅಲ್ಲಿನ ಕಸವನ್ನು ನಗರಪಾಲಿಕೆ ಎತ್ತುತ್ತಿರಲಿಲ್ಲ. ಜಾಕಿನ್ ಕೇರಿಯ ಮಕ್ಕಳನ್ನು ಸೇರಿಸಿ, ಕಸವನ್ನು ಪೊಟ್ಟಣ ಕಟ್ಟಿಸಿ, ಪಾಲಿಕೆಯ ಕಚೇರಿ ಮುಂದೆ ಸುರಿಸಿದರು. ಕಸದ ಗಾಡಿ ಬರತೊಡಗಿತು. ಪಕ್ಕದ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಬೇಕೆಂದು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಇಡೀ ಕಾಲೊನಿಯನ್ನು ನೆಲಸಮ ಮಾಡಿ ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಆ ಸೋಲಿನಿಂದ ಅವರು ಕಲಿತ ಪಾಠ ದೊಡ್ಡದು: ಬುಲ್‌ಡೋಜರಿಗೆ ಅಡ್ಡ ನಿಲ್ಲುವುದರ ಜೊತೆಗೆ, ತಮ್ಮ ಲೆಕ್ಕವನ್ನು ತಾವೇ ಇಟ್ಟುಕೊಂಡು ಸರ್ಕಾರದ ಎದುರು ಚೌಕಾಸಿಗೆ ಕೂರಬೇಕು. ಮುಂದೆ ಫುಟ್‌ಪಾತಿನ ಹೆಂಗಸರ ‘ಮಹಿಳಾ ಮಿಲನ್’ ಜೊತೆ ಸೇರಿ ಮನೆಮನೆ ಗಣತಿ ಮಾಡಿದರು, ಪುಡಿಗಾಸಿನ ಉಳಿತಾಯ ಕಲಿಸಿದರು. ಆ ಹೆಂಗಸರು ತಮಗೆ ಬೇಕಾದ ಮನೆಯ ಮಾದರಿಯನ್ನು ಬಟ್ಟೆ, ರಟ್ಟು ಬಳಸಿ ಆಳೆತ್ತರಕ್ಕೆ ತಾವೇ ನಿಲ್ಲಿಸಿ ತೋರಿಸುತ್ತಿದ್ದರು. ಪುಣೆಯಲ್ಲಿ ಕಟ್ಟಿದ ಸಾರ್ವಜನಿಕ ಶೌಚಾಲಯಗಳಲ್ಲಿ ಮಕ್ಕಳಿಗೆಂದೇ ಬೇರೆ ಜಾಗವಿತ್ತು. ಜಾಕಿನ್‌ಗೆ ಮ್ಯಾಗ್ಸೆಸೆ ಬಂದ ಕೆಲವೇ ತಿಂಗಳಲ್ಲಿ, 2001ರ ಫೆಬ್ರುವರಿ 28ರಂದು, ಅವರ ಹುಟ್ಟೂರಿನ ಗಣಿ ಮುಚ್ಚಿತು. 2018ರಲ್ಲಿ ಅವರೂ ತೀರಿಕೊಂಡರು.

ಒಣ ಕಕ್ಕಸು ಕೆಡವಲು ಹೊರಟ ಒಬ್ಬರು, ಕಕ್ಕಸು ಕಟ್ಟಲು ಹೊರಟ ಇನ್ನೊಬ್ಬರು. ಇಬ್ಬರದ್ದೂ ಒಂದೇ ಊರು ಎಂಬುದು ಆಕಸ್ಮಿಕ ಎನಿಸುವುದಿಲ್ಲ. ನೆಲದ ಕೆಳಗಿನದಕ್ಕೆ ಅಷ್ಟು ಬೆಲೆ ಕಟ್ಟಿ, ನೆಲದ ಮೇಲೆ ಬದುಕುವವರಿಗೆ ಇಷ್ಟು ಕಡಿಮೆ ಬೆಲೆ ಕಟ್ಟಿದ ಊರು ಅದು.

ಪ್ರಶಸ್ತಿಯ ಬಗ್ಗೆ ತಕರಾರುಗಳೂ ಇವೆ. ಹಣದ ಮೂಲ ಅಮೆರಿಕದ್ದು, ಮ್ಯಾಗ್ಸೆಸೆ ತಮ್ಮ ದೇಶದ ಕಮ್ಯುನಿಸ್ಟ್ ಬಂಡಾಯವನ್ನು ಹತ್ತಿಕ್ಕಿದವರು. ಕೇರಳದ ಮಾಜಿ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ 2022ರಲ್ಲಿ ಈ ಪ್ರಶಸ್ತಿಯನ್ನು ನಿರಾಕರಿಸಿದಾಗ ಅವರ ಪಕ್ಷ ಕೊಟ್ಟ ಕಾರಣಗಳಲ್ಲಿ ಆ ಬಂಡಾಯವನ್ನು ಹತ್ತಿಕ್ಕಿದ್ದೂ ಒಂದು. ಆದರೂ ಜಗತ್ತಿನ ದೊಡ್ಡ ಪ್ರಶಸ್ತಿಗಳಲ್ಲಿ ಕಕ್ಕಸಿನವರೆಗೆ, ಕೊಳೆಗೇರಿಯವರೆಗೆ ಬಂದು ಕದ ತಟ್ಟಿದವು ಎಷ್ಟಿವೆ?

ಇವತ್ತು ಕೆಜಿಎಫ್ ಎಂದರೆ ಎಲ್ಲರಿಗೂ ಸಿನಿಮಾ. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಚಿತ್ರೀಕರಣದ ತಾಣವಾಗಿ ಹೆಸರಾಗಿವೆ. ಊರಿನ ದುಡಿಯುವ ಮಂದಿ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ರಾತ್ರಿ ಮರಳುತ್ತಾರೆ. ಒಣ ಕಕ್ಕಸುಗಳಿದ್ದ ಜಾಗದಲ್ಲಿ ತೋರಿಸಲು ಏನೂ ಉಳಿದಿಲ್ಲ, ಉಳಿಯಲೂಬಾರದು. ಆದರೆ ಗುಂಡಿಗೆ ಕೈಹಾಕುವ ಕೆಲಸ ಕಾಲೊನಿಯ ಕಕ್ಕಸಿನಿಂದ ನಗರದ ಮ್ಯಾನ್‌ಹೋಲಿಗೆ ವರ್ಗವಾಗಿದೆ, ಅಷ್ಟೆ. ಒಳಚರಂಡಿ ತೊಳೆಯುವ ಜೆಟ್ಟಿಂಗ್ ಯಂತ್ರಗಳು ಬಂದ ಮೇಲೂ ಮನುಷ್ಯರು ಇಳಿಯುತ್ತಾರೆ, ವಿಷಗಾಳಿಗೆ ಸಾಯುತ್ತಾರೆ, ಸುದ್ದಿ ಒಳಪುಟದಲ್ಲಿ ಬರುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ಬೆಲೆ ಏರಿತೇ ಹೊರತು ಸಾವು ನಿಲ್ಲಲಿಲ್ಲ. ಮ್ಯಾಗ್ಸೆಸೆ ಪಡೆದ ಆರು ವರ್ಷಗಳ ನಂತರವೂ ವಿಲ್ಸನ್ ಬಳಗ ಬೀದಿಗಿಳಿದು, ನಮ್ಮನ್ನು ಕೊಲ್ಲುವುದನ್ನು ನಿಲ್ಲಿಸಿ ಎಂಬ ಫಲಕ ಹಿಡಿಯಬೇಕಾಯಿತು. ಒಂದು ಗಣಿ ಕಾಲೊನಿಯ ಕಕ್ಕಸಿಗೆ ಏಳೆಂಟು ವರ್ಷದ ಪತ್ರಗಳು ಬೇಕಾದವು. ನಮ್ಮ ಊರುಗಳ ಒಳಚರಂಡಿಗೆ ಇನ್ನೆಷ್ಟು ಪತ್ರ ಬರೆಯಬೇಕೋ.