ಸಾಲು ಸರಿದರೂ ಬೇಯುವ ಬೇಳೆ

ವ್ಯಾನ್ ಒಳಗೆ ಪುಟ್ಟ ಅಡುಗೆಮನೆ ಮಾಡಿಕೊಂಡು ಊರೂರು ಸುತ್ತುವವರ ವಿಡಿಯೊಗಳನ್ನು ನಾವೆಲ್ಲ ಮೊಬೈಲ್‌ನಲ್ಲಿ ನೋಡುತ್ತೇವೆ. ಮಡಚುವ ಟೇಬಲ್, ಎಳೆದರೆ ಬರುವ ಸಿಂಕ್, ಗುಂಡಿ ಒತ್ತಿದರೆ ನೀರು. ಅದಕ್ಕಿಂತ ಇಕ್ಕಟ್ಟಿನ ಅಡುಗೆಮನೆ ನಮ್ಮ ಕಲಬುರಗಿ ಜಿಲ್ಲೆಯ ರಸ್ತೆಗಳಲ್ಲೇ ಓಡಾಡುತ್ತಿದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಹೋಗುವ ಲಾರಿಗಳ ಪಕ್ಕಕ್ಕೆ ಒಮ್ಮೆ ಕಣ್ಣು ಹಾಯಿಸಿ. ಚಾಸಿಗೆ ಬಿಗಿದ ತಗಡಿನ ಪೆಟ್ಟಿಗೆ ಕಾಣುತ್ತದೆ. ಸ್ಟವ್, ಕುಕ್ಕರ್, ಎಣ್ಣೆ, ಖಾರದ ಪುಡಿ ಎಲ್ಲವೂ ಅದರಲ್ಲೇ, ಕೆಲವೊಮ್ಮೆ ಜಾಕ್ ಮತ್ತು ಪಾನಾಗಳ ಜೊತೆ.

ನಮ್ಮ ಕಾಕಾ ಬಲ್ಕರ್ ಓಡಿಸುತ್ತಾರೆ. ಲೋಡಿಂಗ್ ಸಾಲಿನಲ್ಲಿ ಅರ್ಧ ದಿನ ನಿಲ್ಲುವುದು ಅವರಿಗೆ ಹೊಸದಲ್ಲ. ದಿನವೂ ಧಾಬಾದಲ್ಲಿ ಉಂಡರೆ ಭತ್ಯೆಯೂ ಉಳಿಯದು, ಹೊಟ್ಟೆಯೂ ತಡೆಯದು. ಮೆಕ್ಯಾನಿಕಲ್ ಓದುವ ನಾನು ಅವರ ಪೆಟ್ಟಿಗೆಯನ್ನು ಟೇಪ್ ಹಿಡಿದು ಅಳೆದೆ: ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಜಾಗ ಸಾಲುತ್ತದಾ ಎಂದು ಕೇಳಿದರೆ ಅವರು ಜಾಗದ ಮಾತೇ ಎತ್ತಲಿಲ್ಲ. "ನಾ ಒಲಿ ಹಚ್ಚೋದಕ್ಕೂ ಮುಂದಿನ ಗಾಡಿ ಸರಿಯೋದಕ್ಕೂ ಒಂದೇ ಆಗ್ತದ" ಅಂದರು. ಬೇಳೆ ಅರ್ಧ ಬೆಂದಿರುತ್ತದೆ, ಆಗಲೇ ಒಲೆ ಆರಿಸಿ ಗಾಡಿ ಹತ್ತಬೇಕು. ಇಲ್ಲಿ ಕಡಿಮೆ ಇರುವುದು ಅಡಿ-ಅಂಗುಲಗಳಲ್ಲ, ಒಂದೇ ಕಡೆ ನಿಲ್ಲಲು ಸಿಗುವ ನಿಮಿಷಗಳು.

ಜಗತ್ತಿನ ಪ್ರಸಿದ್ಧ ಸಣ್ಣ ಅಡುಗೆಮನೆಯೂ ಹೆಜ್ಜೆ, ನಿಮಿಷಗಳ ಲೆಕ್ಕದಿಂದಲೇ ಹುಟ್ಟಿದ್ದು. 1926ರಲ್ಲಿ ಮಾರ್ಗರೆಟೆ ಷುಟ್ಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟ್‌ನ ಹೊಸ ವಸತಿಗಳಿಗಾಗಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದರು. ಅವರಿಗೆ ಸ್ಫೂರ್ತಿಯಾದದ್ದು ರೈಲಿನ ಊಟದ ಬೋಗಿಯ ಅಡುಗೆಕೋಣೆ.

ಹಾಗಾದರೆ ಕ್ಯಾಬಿನ್ ಒಳಗೇ ಅಡುಗೆ ಮಾಡಬಹುದಲ್ಲ? ಖಂಡಿತ ಬೇಡ. 2023ರ ಆಗಸ್ಟ್ 26ರಂದು ಮದುರೈಯಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಯೊಳಗೆ ನಿಯಮ ಮೀರಿ ತಂದಿದ್ದ ಸಿಲಿಂಡರ್‌ನಿಂದ ಬೆಂಕಿ ಹೊತ್ತಿ 9 ಮಂದಿ ಸತ್ತರು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ತಳದಲ್ಲಿ ಕೂರುತ್ತದೆ. ಹಾಗಾಗಿ ನನ್ನ ನಕ್ಷೆಯಲ್ಲಿ 5 ಕೆ.ಜಿ. ಸಿಲಿಂಡರ್‌ಗೆ ಬೇರೆಯೇ ಖಾನೆ, ಅದರ ತಳದಲ್ಲಿ ತೂತುಗಳು. ಪೆಟ್ಟಿಗೆಯ ಜಾಗ ಡೀಸೆಲ್ ಟ್ಯಾಂಕ್ ಇಲ್ಲದ ಬದಿಗೆ, ಸೈಲೆನ್ಸರ್‌ನಿಂದ ದೂರ.

ಇಂಡಕ್ಷನ್ ಒಲೆ? ಗೆಳೆಯರೆಲ್ಲ ಕೇಳಿದ ಪ್ರಶ್ನೆ. 1,200 ವಾಟ್ ಒಲೆಗೆ ಲಾರಿಯ 24 ವೋಲ್ಟ್ ಬ್ಯಾಟರಿಯಿಂದ 50 ಆಂಪಿಯರ್ ಬೇಕು, ಇನ್ವರ್ಟರ್ ನಷ್ಟ ಸೇರಿದರೆ ಇನ್ನೂ ಹೆಚ್ಚು. ಎಂಜಿನ್ ಸ್ಟಾರ್ಟ್ ಮಾಡಲೆಂದೇ ಇರುವ ಬ್ಯಾಟರಿಯನ್ನು ದಿನಾ ಹೀಗೆ ಹಿಂಡಿದರೆ ಒಂದು ದಿನ ಊಟವಾಗಿರುತ್ತದೆ, ಗಾಡಿ ಮಾತ್ರ ಹೊರಡುವುದಿಲ್ಲ.

ಪೆಟ್ಟಿಗೆಯ ಬಾಗಿಲನ್ನು ಕೆಳಗಿನ ಅಂಚಿಗೆ ಕಬ್ಜಾ ಹಾಕಿ ಕೂರಿಸಿದರೆ, ತೆರೆದಾಗ ಸರಪಳಿಯಲ್ಲಿ ನಿಲ್ಲುವ ಮೇಜಾಗುತ್ತದೆ. ಒಲೆ ಅದರ ಮೇಲೆ, ಮೂರು ಬದಿ ಗಾಳಿ ತಡೆಯುವ ತಗಡು. ನಮ್ಮ ಭಾಗದ ಅಡುಗೆಕಟ್ಟೆ ಅಂದರೆ ಶಹಾಬಾದ್ ಕಲ್ಲು. ಆದರೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ತುಂಡೇ ಸುಮಾರು 9 ಕೆ.ಜಿ. ತೂಗುತ್ತದೆ, ಚಿಂಚೋಳಿ ಕಡೆಯ ಗುಂಡಿಗಳಲ್ಲಿ ಕುಲುಕಿದರೆ ಸೀಳುತ್ತದೆ. ಅದೇ ಅಳತೆಯ 2 ಮಿ.ಮೀ. ಉಕ್ಕಿನ ಹಾಳೆ ಎರಡು ಕೆ.ಜಿ. ಚಿಲ್ಲರೆ. ಸಿಮೆಂಟ್ ಧೂಳಿಗೆ ಬಾಗಿಲ ಸುತ್ತ ರಬ್ಬರ್ ಪಟ್ಟಿ ಸಾಕು.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಕೌದಿ. ಪೆಟ್ಟಿಗೆಯಲ್ಲಿ ಒಲೆಯಿಂದ ದೂರದ ತುದಿಗೆ ಹಳೆಯ ಕೌದಿಯ ಪದರಗಳಿಂದ ಮೂರು ಲೀಟರ್ ಕುಕ್ಕರ್ ಕೂರುವಷ್ಟು ಗೂಡು. ಕುಕ್ಕರ್ ಒಳಗಿನ ಉಷ್ಣತೆ ಸುಮಾರು 120 ಡಿಗ್ರಿಗೆ ಏರುತ್ತದೆ. ಆ ಶಾಖ ಹೊರಗೆ ಹೋಗದಂತೆ ಹಿಡಿದಿಟ್ಟರೆ ಬೇಯಲು ಮತ್ತೆ ಬೆಂಕಿ ಬೇಡ. ಮನೆಯಲ್ಲಿ ಮಾಡಿ ನೋಡಿದೆ: ಅರ್ಧ ಗಂಟೆ ನೆನೆಸಿದ ತೊಗರಿ ಬೇಳೆ, ಎರಡು ಸೀಟಿ, ಒಲೆ ಆರಿಸಿ 25 ನಿಮಿಷ ಗೂಡಿನಲ್ಲಿ. ಅವ್ವ ಸೌಟಿನಿಂದ ಒತ್ತಿ ನೋಡಿ ತಲೆಯಾಡಿಸಿದಳು. ಅಂದರೆ ಎರಡು ಸೀಟಿಯಾಗುವಷ್ಟು ಹೊತ್ತು ಗಾಡಿ ನಿಂತರೆ ಸಾಕು. ಆಮೇಲೆ ಬೆಲ್ಟ್ ಬಿಗಿದು, ಬಾಗಿಲು ಮುಚ್ಚಿ, ಸಾಲು ಸರಿದಂತೆ ಸರಿಯಬಹುದು. ಹೆದ್ದಾರಿಗೆ ಇಳಿಯುವುದು ಮಾತ್ರ ಕುಕ್ಕರ್‌ನ ಒತ್ತಡ ಇಳಿದ ಮೇಲೆಯೇ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಸರಕು ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ನಮ್ಮ ಬೇಸಿಗೆ ಕಂಡವರಿಗೆ ಅದರ ಬೆಲೆ ಗೊತ್ತು. ಚಾಲಕ ಗಾಡಿಯಲ್ಲಿ ಉಣ್ಣುತ್ತಾನೆ, ಮಲಗುತ್ತಾನೆ ಎಂಬುದೂ ವಿನ್ಯಾಸಕಾರರ ಲೆಕ್ಕಕ್ಕೆ ಬರಬೇಕು. ಕಾಲೇಜಿನ ಪ್ರಾಜೆಕ್ಟ್‌ಗೆ ರೋಬೋಟ್ ಬಿಟ್ಟು ತಗಡಿನ ಪೆಟ್ಟಿಗೆ ಮಾಡುತ್ತೀಯಾ ಎಂದು ನಗುವವರು ಚಿತ್ತಾಪುರ ರಸ್ತೆಯಲ್ಲಿ ಒಂದು ಮಧ್ಯಾಹ್ನ ನಿಂತು ನೋಡಲಿ.

ನಕ್ಷೆ ನೋಡಿದ ಕಾಕಾನ ಬೇಡಿಕೆ ಒಂದೇ: ರೊಟ್ಟಿ ಡಬ್ಬಿಗೆ ಜಾಗ. ಮನೆಯಿಂದ ಒಯ್ಯುವ ಇಪ್ಪತ್ತು ಕಡಕ್ ರೊಟ್ಟಿ ಮುರಿಯದೆ ಕೂರಬೇಕು, ಪಕ್ಕದಲ್ಲಿ ಶೇಂಗಾ ಹಿಂಡಿ. ಡಬ್ಬಿಯ ಅಗಲ 11 ಇಂಚು. ಕೌದಿ ಗೂಡನ್ನು ಎಷ್ಟು ಸರಿಸಿದರೆ ಅದು ಹಿಡಿಸುತ್ತದೆ ಎಂದು ಈಗ ಗೆರೆ ಎಳೆಯುತ್ತಿದ್ದೇನೆ.