ಪರಿಚಿತರಲ್ಲಿ ಹುಟ್ಟಿದ ಭಯ

ಎಪ್ಪತ್ತರ ದಶಕದ ಕನ್ನಡದ ರೋಚಕ ಚಿತ್ರಗಳನ್ನೂ ಭಯಾನಕ ಚಿತ್ರಗಳನ್ನೂ ಪರದೇಶದ ಸಿನಿಮಾಗಳ ಬಡ ಅನುಕರಣೆಗಳೆಂದು ಬದಿಗೊತ್ತುವವರ ತೀರ್ಪು ಅನ್ಯಾಯದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಹೊರಗಿನಿಂದ ಬಂದು ಕಾಡುವ ಭೂತಕ್ಕಿಂತ, ನಿತ್ಯವೂ ಎದುರಿಗೆ ಕುಳಿತು ಉಣ್ಣುವ ಮನುಷ್ಯನೇ ಒಂದು ದಿನ ಬೇರೊಬ್ಬನಾಗಿ ತೋರುವುದು ಹೆಚ್ಚು ಭಯಂಕರವೆಂಬ ಸತ್ಯವನ್ನು ಅವುಗಳಲ್ಲಿ ಶ್ರೇಷ್ಠವಾದುವು ತಮ್ಮದೇ ರೀತಿಯಲ್ಲಿ ಕಂಡುಕೊಂಡಿದ್ದುವು.

ವಿ. ಸೋಮಶೇಖರ್ ನಿರ್ದೇಶಿಸಿದ, ಸಲೀಂ–ಜಾವೇದರ ಕಥೆಯುಳ್ಳ 1976ರ ‘ಪ್ರೇಮದ ಕಾಣಿಕೆ’ಯಲ್ಲಿ ಕೊಲೆ ನಡೆಯುವುದು ರೈಲಿನಲ್ಲಿ. ಆದರೆ ಚಿತ್ರದ ನಿಜವಾದ ಆಘಾತ ಬರುವುದು ಆಮೇಲೆ: ಕೊಲೆಯನ್ನು ಕಣ್ಣಾರೆ ಕಂಡು ತಪ್ಪಿಸಿಕೊಂಡ ಆರತಿಯ ಪಾತ್ರ ಚಿಕ್ಕಮಗಳೂರಿನ ತೋಟದ ಮನೆಗೆ ಬಂದಾಗ, ಆ ಮನೆಯ ಯಜಮಾನನೇ ಕೊಲೆಗಾರನೆಂದು ಅರಿವಾಗುತ್ತದೆ, ಆ ಯಜಮಾನ ರಾಜ್‌ಕುಮಾರ್! ಯಾವ ಮುಖವನ್ನು ನಾಡೆಲ್ಲ ಸದಾಚಾರದ ಪ್ರತಿಮೆಯೆಂದು ನಂಬಿತ್ತೋ ಆ ಮುಖವನ್ನೇ ಶಂಕೆಗೆ ಒಡ್ಡಿದುದು ಅಸಾಮಾನ್ಯವಾದ ಧೈರ್ಯ.

ವಿಜಯ್ ನಿರ್ದೇಶನದ ‘ನಾ ನಿನ್ನ ಬಿಡಲಾರೆ’ (1979) ಅಮೆರಿಕದ ‘ದಿ ಎಕ್ಸಾರ್ಸಿಸ್ಟ್’ (1973) ಚಿತ್ರವನ್ನು ನೆನಪಿಗೆ ತರುವುದು ನಿಜ. ಆದರೆ ಅಲ್ಲಿ ಆವೇಶಕ್ಕೊಳಗಾಗುವವಳು ಬಾಲಕಿ, ಹೋರಾಡುವವರು ಪಾದ್ರಿಗಳು; ಇಲ್ಲಿ ಪ್ರೇತದ ವಶವಾಗುವವನು ದೇವರನ್ನೊಪ್ಪದ ಗೃಹಸ್ಥ, ಹೋರಾಡುವವಳು ಅವನ ಹೆಂಡತಿ. ಹೆಣ್ಣಿನ ಪ್ರೇತವನ್ನು ತನ್ನ ದೇಹದಲ್ಲಿ ಹೊತ್ತ ಅನಂತನಾಗರ ಅಭಿನಯವೂ, ಗಂಡನ ಕಣ್ಣಲ್ಲಿ ಪರಕೀಯಳೊಬ್ಬಳನ್ನು ಕಂಡು ನಡುಗುವ ಲಕ್ಷ್ಮಿಯವರ ಅಭಿನಯವೂ ಇಂದಿಗೂ ಮಾಸಿಲ್ಲ. ನಾಸ್ತಿಕನ ಪ್ರಶ್ನೆಗಳಿಗೆ ವಿಚಾರದಿಂದ ಉತ್ತರಿಸದೆ ಮಂತ್ರಾಲಯದ ಪವಾಡದಿಂದ ಉತ್ತರಿಸಿದುದು ಮಾತ್ರ ಅದರ ದೌರ್ಬಲ್ಯ. ಅದಕ್ಕೆ ಒಂದು ವರ್ಷ ಮೊದಲು ಕಾಶೀನಾಥರು ‘ಅಪರಿಚಿತ’ದಲ್ಲಿ, ತಾರಾನಾಯಕರ ಆಸರೆಯಿಲ್ಲದೆಯೂ ಕುತೂಹಲವನ್ನು ಕೊನೆಯವರೆಗೆ ಕಾಯಬಹುದೆಂದು ತೋರಿಸಿಕೊಟ್ಟಿದ್ದರು.

ಇಷ್ಟಾದರೂ ಆ ದಶಕದ ಅತ್ಯಂತ ಭಯಾನಕವಾದ ಕನ್ನಡ ಚಿತ್ರ ಯಾವುದೆಂದು ಕೇಳಿದರೆ ನಾನು ಹೆಸರಿಸುವುದು, ಪ್ರೇತವೂ ಕೊಲೆಯೂ ಇಲ್ಲದ, ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಪುಟ್ಟಣ್ಣ ಕಣಗಾಲರ ‘ಶರಪಂಜರ’ವನ್ನು. ಮನೋರೋಗದಿಂದ ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯನ್ನು ನೆರೆಹೊರೆಯವರು ನೋಡುವ ದೃಷ್ಟಿ, ಗಂಡನ ಔದಾಸೀನ್ಯ, ಅವಳು ನಕ್ಕರೂ ಅತ್ತರೂ ಹುಚ್ಚಿನ ಲಕ್ಷಣವನ್ನೇ ಹುಡುಕುವ ಸುತ್ತಲಿನವರ ಸಂದೇಹ, ಇವೆಲ್ಲ ಕೂಡಿ ಸ್ವಸ್ಥಳಾದವಳನ್ನು ಮತ್ತೆ ಹುಚ್ಚಿಗೆ ನೂಕುವುದನ್ನು ಕಲ್ಪನಾ ಅಭಿನಯಿಸಿದ ಬಗೆಯನ್ನು ಕಂಡವರು ಮರೆಯಲಾರರು. ಕೊಲೆಗಾರನಿಗೆ ನ್ಯಾಯಾಲಯವುಂಟು, ಪ್ರೇತಕ್ಕೆ ಮಂತ್ರಾಲಯವುಂಟು. ಕಾವೇರಿಯನ್ನು ಮತ್ತೆ ಹುಚ್ಚಿಗೆ ನೂಕಿದ ಸಂದೇಹಕ್ಕೆ ಮಾತ್ರ ಅಂಥ ಪರಿಹಾರವನ್ನು ಚಿತ್ರ ಕೊಡುವುದಿಲ್ಲ, ಏಕೆಂದರೆ ಆ ಪರಿಹಾರ ನೋಡುವವರ ನಡತೆಯಲ್ಲಿಯೇ ಆಗಬೇಕು. ಭಯವನ್ನು ಹೀಗೆ ಆತ್ಮಪರೀಕ್ಷೆಯಾಗಿ ಮಾರ್ಪಡಿಸಿದುದೇ ಆ ದಶಕದ ಸಿನಿಮಾ ನಮಗೆ ಬಿಟ್ಟುಹೋದ ಅಮೂಲ್ಯವಾದ ಆಸ್ತಿ.