ವಲಯವನ್ನು ಅರಿತು ಬೇಸಾಯ

ಒಂದು ಊರಿನಲ್ಲಿ ಸೊಂಪಾಗಿ ಬೆಳೆದ ತಳಿ, ಹತ್ತಿಪ್ಪತ್ತು ಮೈಲಿ ದೂರದ ಇನ್ನೊಂದು ಊರಿನಲ್ಲಿ ಕಾಳು ಕಟ್ಟದೆ ಒಣಗಿಹೋಗುವುದು ರೈತರಿಗೆ ಹೊಸ ಸಂಗತಿಯೇನಲ್ಲ. ಬೀಜ ಅದೇ, ಗೊಬ್ಬರ ಅದೇ, ದುಡಿಮೆಯೂ ಅಷ್ಟೇ. ಆದರೆ ಮಳೆ, ಮಣ್ಣು ಮತ್ತು ಹವೆ ಬೇರೆ. ನೆಂಟರ ಊರಿನಲ್ಲಿ ಕಂಡ ಬೆಳೆಯನ್ನು ಮೆಚ್ಚಿ ಅದರ ಬೀಜವನ್ನೇ ತಂದು ಬಿತ್ತುವ ಮೊದಲು, ಆ ಊರೂ ತನ್ನ ಊರೂ ಒಂದೇ ವಲಯಕ್ಕೆ ಸೇರಿವೆಯೇ ಎಂದು ವಿಚಾರಿಸುವುದು ಅಗತ್ಯ. ಬೀಜಕ್ಕೆ ಹಾಕಿದ ಹಣವನ್ನು ಮತ್ತೆ ಸಂಪಾದಿಸಬಹುದು. ಕೈತಪ್ಪಿದ ಹಂಗಾಮು ಮರಳಿ ಬಾರದು.

ವಲಯ ಎಂದರೇನು?

‘ವಲಯ’ ಎಂಬುದು ಸಂಸ್ಕೃತ ಶಬ್ದ. ಬಳೆ, ಕಡಗ ಎಂದು ಅದರ ಅರ್ಥ. ಇಂಗ್ಲಿಷಿನ ‘ಜೋನ್’ ಎಂಬ ಪದವೂ ನಡುಪಟ್ಟಿ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದಿದೆ. ಒಂದೇ ಗುಣವುಳ್ಳ ಪ್ರದೇಶವನ್ನು ಸುತ್ತುವರಿದು ಗುರುತಿಸುವುದೇ ಎರಡರ ತಾತ್ಪರ್ಯ.

ಪ್ರಾಚೀನ ಗ್ರೀಕರು ಭೂಮಿಯನ್ನು ಐದು ಪಟ್ಟಿಗಳಾಗಿ ವಿಂಗಡಿಸಿದ್ದರು. ನಡುವಿನ ಉಷ್ಣ ವಲಯದಲ್ಲಿ ಬಿಸಿಲಿನ ತಾಪದಿಂದ ಮನುಷ್ಯರು ವಾಸಿಸಲಾರರು ಎಂದು ಅರಿಸ್ಟಾಟಲನು ನಂಬಿದ್ದನು. ಇಡೀ ಕರ್ನಾಟಕ ಇಂದು ಉಷ್ಣ ವಲಯವೆಂದು ಕರೆಯಲ್ಪಡುವ ಪಟ್ಟಿಯಲ್ಲೇ ಇದೆ! ಸ್ಥಳಕ್ಕೆ ಹೋಗಿ ನೋಡದೆ ಎಳೆದ ಗೆರೆ ಎಷ್ಟು ತಪ್ಪು ದಾರಿಗೆ ಎಳೆಯಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ನೋಡಿ ಎಳೆದ ಗೆರೆಯ ಬೆಲೆ ಬೇರೆ. ಜರ್ಮನಿಯ ವಿಜ್ಞಾನಿ ಹಂಬೋಲ್ಟ್ 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತವನ್ನೇರಿ, ಎತ್ತರ ಹೆಚ್ಚಿದಂತೆ ಸಸ್ಯಗಳು ಬದಲಾಗುವುದನ್ನು ಗಮನಿಸಿದನು. ಯಾವ ಎತ್ತರದಲ್ಲಿ ಯಾವ ಗಿಡವೆಂಬುದನ್ನು ತೋರಿಸುವ ಅವನ ಚಿತ್ರವು 1807ರಲ್ಲಿ ಪ್ರಕಟವಾಯಿತು. ಮುಂದೆ ಕೊಪ್ಪೆನ್ ಎಂಬ ವಿಜ್ಞಾನಿ ಜಗತ್ತಿನ ಹವಾಗುಣವನ್ನು ವಿಂಗಡಿಸುವಾಗಲೂ ಸಸ್ಯಗಳನ್ನೇ ಆಧಾರವಾಗಿಟ್ಟುಕೊಂಡನು. ಬೆಳೆಯ ಗಿಡವೇ ನೆಲದ ಹವೆಯನ್ನು ಹೇಳುತ್ತದೆ ಎಂಬ ಈ ಮಾತು ರೈತರಿಗೆ ಅಪರಿಚಿತವಲ್ಲ.

ಕರ್ನಾಟಕದ ಹತ್ತು ವಲಯಗಳು

ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1979ರಲ್ಲಿ ರಾಷ್ಟ್ರೀಯ ಕೃಷಿ ಸಂಶೋಧನಾ ಯೋಜನೆಯನ್ನು ಆರಂಭಿಸಿತು. ಈ ಯೋಜನೆಯ ಅನ್ವಯ ಮಳೆಯ ಪ್ರಮಾಣ ಮತ್ತು ಹಂಚಿಕೆ, ಮಣ್ಣಿನ ಗುಣ, ಭೂಮಿಯ ಎತ್ತರ, ಮುಖ್ಯ ಬೆಳೆಗಳು ಮೊದಲಾದವನ್ನು ಪರಿಗಣಿಸಿ ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳನ್ನಾಗಿ ವಿಂಗಡಿಸಲಾಗಿದೆ. ಅವುಗಳೆಂದರೆ:

1. ಈಶಾನ್ಯ ಪರಿವರ್ತನಾ ವಲಯ
2. ಈಶಾನ್ಯ ಒಣ ವಲಯ
3. ಉತ್ತರ ಒಣ ವಲಯ
4. ಮಧ್ಯ ಒಣ ವಲಯ
5. ಪೂರ್ವ ಒಣ ವಲಯ
6. ದಕ್ಷಿಣ ಒಣ ವಲಯ
7. ದಕ್ಷಿಣ ಪರಿವರ್ತನಾ ವಲಯ
8. ಉತ್ತರ ಪರಿವರ್ತನಾ ವಲಯ
9. ಗುಡ್ಡಗಾಡು ವಲಯ
10. ಕರಾವಳಿ ವಲಯ

ವಲಯ ಬದಲಾದಂತೆ ಮಳೆ ಎಷ್ಟು ಬದಲಾಗುತ್ತದೆ ಎಂಬುದನ್ನು ಗಮನಿಸಬೇಕು. ವಾರ್ಷಿಕ ಮಳೆ ಉತ್ತರ ಒಣ ವಲಯದಲ್ಲಿ ಸುಮಾರು 465ರಿಂದ 786 ಮಿ.ಮೀ., ಉತ್ತರ ಪರಿವರ್ತನಾ ವಲಯದಲ್ಲಿ 619ರಿಂದ 1303 ಮಿ.ಮೀ. ಕರಾವಳಿಯಲ್ಲಿ ಅದು 3000 ಮಿ.ಮೀ.ಗೂ ಅಧಿಕ.

ಒಂದೇ ಜಿಲ್ಲೆ, ಮೂರು ವಲಯ

ವಲಯ ಮತ್ತು ಜಿಲ್ಲೆ ಒಂದೇ ಅಲ್ಲ. ಧಾರವಾಡ ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪಶ್ಚಿಮದ ಕಲಘಟಗಿ ತಾಲ್ಲೂಕು ಗುಡ್ಡಗಾಡು ವಲಯಕ್ಕೆ ಸೇರಿದೆ. ಅಲ್ಲಿ ಮಳೆಯಾಶ್ರಯದಲ್ಲಿ ಕೂರಿಗೆಯಿಂದ ಭತ್ತ ಬಿತ್ತುತ್ತಾರೆ. ನಡುವಿನ ಧಾರವಾಡ, ಹುಬ್ಬಳ್ಳಿ, ಕುಂದಗೋಳ ಭಾಗಗಳು ಉತ್ತರ ಪರಿವರ್ತನಾ ವಲಯದಲ್ಲಿವೆ. ಪೂರ್ವದ ನವಲಗುಂದ ಉತ್ತರ ಒಣ ವಲಯದ ಎರೆ ಭೂಮಿ. ಅಲ್ಲಿ ಮಣ್ಣು ಹಿಡಿದಿಟ್ಟ ತೇವಾಂಶದ ಬಲದಿಂದಲೇ ಹಿಂಗಾರಿನಲ್ಲಿ ಕಡಲೆ, ಜೋಳ ಬರುತ್ತವೆ. ಜಿಲ್ಲೆಗೆಲ್ಲ ಒಂದೇ ಶಿಫಾರಸು ಮಾಡಿದರೆ ಅದು ಯಾರಾದರೊಬ್ಬರಿಗೆ ನಷ್ಟವನ್ನೇ ತರುತ್ತದೆ.

ಈ ಮೂರೂ ಭೇದಗಳು ಹಿರಿಯರಿಗೆ ತಿಳಿದಿದ್ದವು. ಮಲೆನಾಡು, ಅರೆಮಲೆನಾಡು, ಬೆಳವಲ ಎಂಬ ಹೆಸರುಗಳು ವಿಜ್ಞಾನಿಗಳ ನಕಾಶೆಗಿಂತ ಬಹಳ ಹಳೆಯವು.

ಕಲೆ ಮತ್ತು ಸಂಸ್ಕೃತಿಯಲ್ಲಿ ವಲಯ

ನೆಲದ ವಲಯ ಬೆಳೆಯೊಂದಿಗೆ ಊಟವನ್ನೂ ಆಟವನ್ನೂ ರೂಪಿಸುತ್ತದೆ. ಉತ್ತರದ ಬಯಲಿನಲ್ಲಿ ಜೋಳದ ರೊಟ್ಟಿ, ದಕ್ಷಿಣದ ಕೆಂಪು ಭೂಮಿಯಲ್ಲಿ ರಾಗಿ ಮುದ್ದೆ, ಕರಾವಳಿಯಲ್ಲಿ ಕುಚ್ಚಲಕ್ಕಿ ಅನ್ನ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟವೂ ಮಳೆಗೆ ಹೊಂದಿಕೊಂಡಿದೆ. ತುಳುನಾಡಿನಲ್ಲಿ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ರೈತರು ಗದ್ದೆಗೆ ಇಳಿಯುತ್ತಾರೆ. ಪ್ರಾಚೀನ ತಮಿಳು ಕವಿಗಳು ಬೆಟ್ಟ, ಕಾಡು, ಹೊಲಗದ್ದೆ, ಕಡಲತೀರ, ಬರಡು ನೆಲ ಎಂಬ ಐದು ಬಗೆಯ ನೆಲಗಳಿಗೆ ತಕ್ಕಂತೆ ಕಾವ್ಯವನ್ನೇ ವಿಂಗಡಿಸಿದ್ದರು.

ಇಲ್ಲಿಯೂ ಗೆರೆಗಳು ಗೋಡೆಗಳಲ್ಲ. ಸಂಗೀತದಲ್ಲಿ ದಕ್ಷಿಣದ ಕರ್ನಾಟಕ ಪದ್ಧತಿ ಮತ್ತು ಉತ್ತರದ ಹಿಂದೂಸ್ತಾನಿ ಪದ್ಧತಿಗಳು ಎದುರಾಗುವ ಸೀಮೆ ಧಾರವಾಡದ ಕಡೆಯದು. ಮೈಸೂರು ಆಸ್ಥಾನಕ್ಕೆ ಹೋಗಿಬರುತ್ತಿದ್ದ ಅಬ್ದುಲ್ ಕರೀಂ ಖಾನರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಕಲಿತರು. ಅವರಲ್ಲಿ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರು ಕಲಿತರು. ಬೇಸಾಯದ ನಕಾಶೆಯಲ್ಲಿಯೂ ಕುಂದಗೋಳ ಪರಿವರ್ತನಾ ವಲಯದಲ್ಲೇ ಇದೆ.

ಬೆಳೆಗಳಲ್ಲಿಯೂ ಇಂತಹ ಸಂಗಮವುಂಟು. ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ತಳಿ ವಿಜ್ಞಾನಿಯವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ನೀಡಿದರು. ಭಾರತ ಮತ್ತು ಆಫ್ರಿಕಗಳ ಹೆಸರು ಆ ತಳಿಯ ಹೆಸರಿನಲ್ಲೇ ಸೇರಿದೆ. ಆದರೆ ದೂರದ ಬೀಜವನ್ನು ನೇರವಾಗಿ ರೈತನ ಹೊಲಕ್ಕೆ ಸುರಿಯಲಿಲ್ಲ. ಸಂಕರ, ಆಯ್ಕೆ, ಪರೀಕ್ಷೆಗಳಾದ ನಂತರವೇ ಅದು ಹೊರಬಂದಿತು ಎಂಬುದನ್ನು ಮರೆಯಬಾರದು.

ಕಲಿಕೆಯಲ್ಲಿ ವಲಯ

ವಿಸ್ತರಣಾ ಕಾರ್ಯಕರ್ತರು ತಿಳಿಯಬೇಕಾದ ಇನ್ನೊಂದು ವಲಯವಿದೆ. ರಷ್ಯದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ (1896-1934) ಮಕ್ಕಳ ಕಲಿಕೆಯನ್ನು ಕುರಿತು ಹೀಗೆ ವಿವರಿಸಿದ್ದಾನೆ: ಮಗು ತಾನೇ ಮಾಡಬಲ್ಲ ಕೆಲಸಗಳು ಕೆಲವು, ಬಲ್ಲವರು ಜೊತೆಗಿದ್ದರೆ ಮಾಡಬಲ್ಲ ಕೆಲಸಗಳು ಕೆಲವು. ಇವೆರಡರ ನಡುವಿನ ಅಂತರವೇ ಕಲಿಕೆಯ ಸಮೀಪ ವಲಯ. ಕಲಿಸುವವರ ಶ್ರಮ ಫಲಿಸುವುದು ಅಲ್ಲಿಯೇ.

ಇದು ದೊಡ್ಡವರಿಗೂ ಅನ್ವಯಿಸುತ್ತದೆ. ಬಿತ್ತನೆಯ ಹದ ತಿಳಿದ ರೈತನಿಗೆ ಹದದ ಮಹತ್ವವನ್ನು ಬೋಧಿಸುವುದು ವ್ಯರ್ಥ. ಬೀಜೋಪಚಾರವನ್ನೇ ಕಾಣದವನ ಮುಂದೆ ಒಂದೇ ಸಲಕ್ಕೆ ಇಪ್ಪತ್ತು ಶಿಫಾರಸುಗಳನ್ನು ಇಡುವುದೂ ಅಷ್ಟೇ ವ್ಯರ್ಥ. ಅವನ ಬೀಜಕ್ಕೆ, ಅವನ ಮನೆಯಂಗಳದಲ್ಲಿ, ಅವನ ಕೈಯಿಂದಲೇ ಒಮ್ಮೆ ಬೀಜೋಪಚಾರ ಮಾಡಿಸಿದರೆ ಮರುವರ್ಷ ಅವನು ತಾನೇ ಮಾಡುತ್ತಾನೆ. ಆಗ ಮುಂದಿನ ಹೆಜ್ಜೆಯ ಮಾತು ತೆಗೆಯಬಹುದು.

ಹೊಲದೊಳಗಿನ ವಲಯ

ಕೃಷಿ ವಲಯಗಳ ಗೆರೆಗಳನ್ನು ಬಹುಮಟ್ಟಿಗೆ ತಾಲ್ಲೂಕಿನ ಎಲ್ಲೆಗೆ ಅನುಸಾರವಾಗಿ ಎಳೆಯಲಾಗಿದೆ. ಮಳೆಗೆ ತಾಲ್ಲೂಕಿನ ಎಲ್ಲೆ ಗೊತ್ತಿಲ್ಲ. ಎಲ್ಲೆಯ ಬಳಿಯ ಊರುಗಳಲ್ಲಿ ಪಕ್ಕದ ವಲಯದ ಶಿಫಾರಸು ಹೆಚ್ಚು ಹೊಂದಬಹುದು. ಒಂದೇ ಹೊಲದಲ್ಲಿಯೂ ದಿಬ್ಬದ ಮಣ್ಣು ಬೇರೆ, ತಗ್ಗಿನ ಮಣ್ಣು ಬೇರೆ. ಆದ್ದರಿಂದ ಶಿಫಾರಸು ದಾರಿದೀಪವೇ ಹೊರತು ಕಟ್ಟಳೆಯಲ್ಲ.

ರೈತರು ಗಮನಿಸಬೇಕಾದ ಅಂಶಗಳು

1. ತಮ್ಮ ತಾಲ್ಲೂಕು ಯಾವ ವಲಯದಲ್ಲಿದೆ ಎಂಬುದನ್ನು ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ತಿಳಿಯಬೇಕು.
2. ಬೀಜ ಕೊಳ್ಳುವಾಗ ತಳಿಯ ಹೆಸರಿನ ಜೊತೆಗೆ ಅದರ ಅವಧಿಯನ್ನೂ, ಯಾವ ವಲಯಕ್ಕೆ ಶಿಫಾರಸಾಗಿದೆ ಎಂಬುದನ್ನೂ ಕೇಳಬೇಕು. ಬಿತ್ತನೆ ತಡವಾದರೆ ಅಲ್ಪಾವಧಿ ತಳಿಯೇ ಲೇಸು.
3. ಬೇರೆ ವಲಯದ ತಳಿ ಮನಸ್ಸಿಗೆ ಬಂದರೆ ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ ಮಾತ್ರ ಬಿತ್ತಿ, ಪಕ್ಕದಲ್ಲಿ ರೂಢಿಯ ತಳಿಯನ್ನೂ ಬಿತ್ತಿ ಹೋಲಿಸಿ ನೋಡಬೇಕು.
4. ಬಣ್ಣ, ಇಳಿಜಾರು, ಆಳಗಳಲ್ಲಿ ಭಿನ್ನವಾದ ಭಾಗಗಳಿಂದ ಮಣ್ಣಿನ ಮಾದರಿಗಳನ್ನು ಬೇರೆಬೇರೆಯಾಗಿ ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆಯ ಜಾಗಗಳನ್ನು ಬಿಡಬೇಕು.
5. ಪ್ರತಿ ಮಳೆಯ ದಿನಾಂಕ ಮತ್ತು ಪ್ರಮಾಣವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮಳೆಯ ರೀತಿ ಬದಲಾಗುತ್ತಿರುವ ಈ ದಿನಗಳಲ್ಲಿ ಇಂತಹ ದಾಖಲೆ ಬಹಳ ಉಪಯುಕ್ತ.

ನಕಾಶೆಯ ವಲಯವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹೊಲದ ವಲಯವನ್ನು ಗುರುತಿಸಬೇಕಾದವನು ಅದನ್ನು ಉಳುವ ರೈತನೇ. ಇವೆರಡೂ ಕೂಡಿದಾಗ ಬಿತ್ತಿದ ಬೀಜ ಕೈಗೆ ಬರುವ ಭರವಸೆ ಹೆಚ್ಚುತ್ತದೆ.